ವೀರಯೋಧ ಅಜ್ಜಮಾಡ ದೇವಯ್ಯನವರು ಮತ್ತು 23 ವರ್ಷ ತಡವಾಗಿ ಬಂದ ಪದಕ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾರ್ಯದರ್ಶಿಯವರು ಕೇಳಿದಾಗ ನಮಗೆ ಸ್ವಲ್ಪ ದಿಗಿಲೇ ಆಯಿತು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಬಿತ್ತನೆ ಬೀಜ, ಗೊಬ್ಬರದ ಚೀಲ, ಟಿಲ್ಲರ್ ಬಾಡಿಗೆ ಇವುಗಳ ಲೆಕ್ಕ ಗೊತ್ತೇ ಹೊರತು ಲೇಖನ ಬರೆದ ಅಭ್ಯಾಸವಿಲ್ಲ. ಸಾಲ, ಠೇವಣಿ, ಲಾಭಾಂಶದ ವಿಚಾರಗಳನ್ನು ಅಧ್ಯಕ್ಷರೂ ಬ್ಯಾಂಕಿನ ಅಧಿಕಾರಿಗಳೂ ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಆದ್ದರಿಂದ ನಾವು ಬೇರೆ ವಿಷಯ ಆರಿಸಿಕೊಂಡಿದ್ದೇವೆ. ಓದಿ ತಪ್ಪಿದ್ದರೆ ತಿದ್ದಬೇಕು.

ಕೆಲವು ವರ್ಷಗಳ ಹಿಂದೆ ಮೆಣಸಿನ ಬಳ್ಳಿಯ ಸಸಿ ನೋಡಲು ಕೊಡಗಿಗೆ ಹೋಗಿದ್ದೆವು. ಮಡಿಕೇರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಒಂದು ವೃತ್ತ ಕಂಡಿತು. ಅದಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು. ಕಾರ್ಯಪ್ಪ, ತಿಮ್ಮಯ್ಯ ಇವರ ಹೆಸರು ಶಾಲೆಯಲ್ಲೇ ಕೇಳಿದ್ದೆವು. ಈ ದೇವಯ್ಯನವರು ಯಾರು ಅಂತ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಅಷ್ಟಿಷ್ಟು ಹೇಳಿದರು. ಅಷ್ಟು ಕೇಳಿದ ಮೇಲೆ ಮನಸ್ಸು ಬಿಡಲಿಲ್ಲ. ಊರಿಗೆ ಬಂದ ಮೇಲೆ ಮೇಷ್ಟ್ರುಗಳನ್ನು ಕೇಳಿ, ನಿವೃತ್ತ ಸೈನಿಕರನ್ನು ಕೇಳಿ, ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಹುಟ್ಟು ಮತ್ತು ಸೇವೆ

ಅಜ್ಜಮಾಡ ಬೋಪಯ್ಯ ದೇವಯ್ಯನವರು ಹುಟ್ಟಿದ್ದು 1932ನೇ ಇಸವಿ ಡಿಸೆಂಬರ್ 24ರಂದು, ಕೊಡಗಿನ ಮನೆತನದಲ್ಲಿ. ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಕೈಕೆಳಗಿನ ಬೇರೆಯೇ ಪ್ರಾಂತ್ಯ. ಇನ್ನೊಂದು ಸೋಜಿಗ ನೋಡಿ. ಭಾರತೀಯ ವಾಯುಪಡೆ ಸ್ಥಾಪನೆಯಾದದ್ದೂ ಅದೇ 1932ರಲ್ಲಿ, ಅಕ್ಟೋಬರ್ 8ರಂದು. ಅಂದರೆ ದೇವಯ್ಯನವರೂ ವಾಯುಪಡೆಯೂ ಒಂದೇ ವಯಸ್ಸಿನವರು.

ಕೊಡಗಿನಲ್ಲಿ ಗಂಡು ಹುಡುಗ ಸೈನ್ಯಕ್ಕೆ ಹೋಗುವುದು ದೊಡ್ಡ ಸುದ್ದಿಯೇನಲ್ಲ. ದೇಶದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಅಲ್ಲಿಯವರೇ. ಆದರೆ ಭೂಸೈನ್ಯಕ್ಕೆ ಹೋದವರು ಹೆಚ್ಚು. ದೇವಯ್ಯನವರು ಆಕಾಶದ ದಾರಿ ಹಿಡಿದರು. 1954ರ ಡಿಸೆಂಬರಿನಲ್ಲಿ ಪೈಲಟ್ ಆಗಿ ವಾಯುಪಡೆಗೆ ಸೇರಿದರು. ಜೊತೆಯವರು ಅವರನ್ನು ಪ್ರೀತಿಯಿಂದ ಟಬ್ಬಿ ಅಂತ ಕರೆಯುತ್ತಿದ್ದರಂತೆ. ಮದುವೆಯಾಯಿತು, ಹೆಣ್ಣುಮಕ್ಕಳ ತಂದೆಯಾದರು.

ಅವರು ಒಳ್ಳೆಯ ಹಾರಾಟಗಾರ ಮಾತ್ರವಲ್ಲ, ಒಳ್ಳೆಯ ಮೇಷ್ಟ್ರು ಕೂಡ. ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಪಕ್ಕದಲ್ಲಿ ಕೂತ ಹುಡುಗ ತಪ್ಪು ಮಾಡಿದರೆ ಇಬ್ಬರ ಪ್ರಾಣವೂ ಹೋಗುವಂಥ ಕೆಲಸ ಅದು. ಹೊಸಬನಿಗೆ ಟ್ರ್ಯಾಕ್ಟರ್ ಕಲಿಸಲು ಹೋಗಿ ಬದು ಹತ್ತಿಸಿಕೊಂಡ ನಮಗೆ ಅದರ ಕಷ್ಟ ಸ್ವಲ್ಪ ಗೊತ್ತು. 1965ರಲ್ಲಿ ಯುದ್ಧ ಬಂದಾಗ ಅವರನ್ನು ಒಂದನೇ ನಂಬರಿನ ಸ್ಕ್ವಾಡ್ರನ್ನಿಗೆ ಹಾಕಿದರು. ವಾಯುಪಡೆಯ ಅತ್ಯಂತ ಹಳೆಯ ದಳ ಅದು, 1933ರಲ್ಲಿ ಕಟ್ಟಿದ್ದು. ಟೈಗರ್ಸ್, ಅಂದರೆ ಹುಲಿಗಳು, ಅಂತ ಅದರ ಹೆಸರು. ಆಗ ಅದರ ನೆಲೆ ಪಂಜಾಬಿನ ಜಲಂಧರ್ ಹತ್ತಿರದ ಆದಂಪುರ.

1965ರ ಯುದ್ಧ

ಈಗಿನ ಹುಡುಗರಿಗೆ ಆ ಯುದ್ಧದ ವಿಷಯ ಅಷ್ಟಾಗಿ ಗೊತ್ತಿಲ್ಲ, ನಾವೂ ಹುಟ್ಟಿರಲಿಲ್ಲ. ಆದ್ದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ಆ ವರ್ಷದ ಆಗಸ್ಟಿನಲ್ಲಿ ಪಾಕಿಸ್ತಾನ ಕಾಶ್ಮೀರದೊಳಕ್ಕೆ ಗುಟ್ಟಾಗಿ ಜನ ನುಗ್ಗಿಸಿತು. ಸೆಪ್ಟೆಂಬರ್ 1ರಂದು ಛಂಬ್ ಎಂಬಲ್ಲಿ ಟ್ಯಾಂಕುಗಳನ್ನು ನುಗ್ಗಿಸಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಹಿಂಜರಿಯಲಿಲ್ಲ. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರಿನ ಕಡೆ ಗಡಿ ದಾಟಿತು. ಅದೇ ದಿನ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಿದ್ದವು. ಪಠಾಣ್‌ಕೋಟಿನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಸುಟ್ಟುಹೋದವು. ರಾತ್ರಿ ಆದಂಪುರದ ಸುತ್ತ ಪ್ಯಾರಾಚೂಟಿನಿಂದ ಶತ್ರು ಸೈನಿಕರನ್ನು ಇಳಿಸಿದರು. ಹೊಲ ಗದ್ದೆಗಳಲ್ಲಿ ಅಡಗಿದ್ದ ಅವರಲ್ಲಿ ಎಷ್ಟೋ ಜನರನ್ನು ಹುಡುಕಿ ಹಿಡಿಯಲು ನೆರವಾದವರು ಪಂಜಾಬಿನ ರೈತರು.

ಇಂಥ ಗಲಾಟೆಯ ರಾತ್ರಿಯಲ್ಲೇ ಆದಂಪುರದ ಪೈಲಟ್‌ಗಳಿಗೆ ಆಜ್ಞೆಯಾಯಿತು. ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾದ ಮೇಲೆ ದಾಳಿ ಮಾಡಬೇಕು ಅಂತ. ಸರ್ಗೋಧಾ ಎಂದರೆ ಪಾಕಿಸ್ತಾನದ ವಾಯುಪಡೆಗೆ ಎದೆಗುಂಡಿಗೆ ಇದ್ದ ಹಾಗೆ. ಅವರ ಒಳ್ಳೆಯ ವಿಮಾನಗಳೆಲ್ಲ ಅಲ್ಲಿದ್ದವು. ಆದಂಪುರದಿಂದ ನೆಟ್ಟಗೆ ಹೋದರೂ ಸುಮಾರು 300 ಕಿಲೋಮೀಟರು.

ಮಿಸ್ಟಿಯರ್ ಮತ್ತು ಸ್ಟಾರ್‌ಫೈಟರ್

ನಮ್ಮವರ ಕೈಲಿದ್ದ ವಿಮಾನ ಮಿಸ್ಟಿಯರ್. ಫ್ರಾನ್ಸ್ ದೇಶದ್ದು, 1957ರಿಂದ ನಮ್ಮಲ್ಲಿ ಬಳಕೆಗೆ ಬಂದದ್ದು. ಗಂಟೆಗೆ ಸುಮಾರು 1,100 ಕಿಲೋಮೀಟರ್ ಅದರ ಓಟ. ನೆಲದ ಮೇಲಿನ ಗುರಿಗೆ ಬಾಂಬು ರಾಕೆಟ್ ಹಾಕಲು ಒಳ್ಳೆಯದು, ಗಟ್ಟಿ ವಿಮಾನ. ಆದರೆ ಆಕಾಶದಲ್ಲಿ ಇನ್ನೊಂದು ಹೊಸ ವಿಮಾನದ ಜೊತೆ ಹೋರಾಡಲು ಆಗಲೇ ಹಳೆಯದಾಗಿತ್ತು.

ಪಾಕಿಸ್ತಾನದ ಬಳಿ ಅಮೆರಿಕ ಕೊಟ್ಟ ಸ್ಟಾರ್‌ಫೈಟರ್ ಇತ್ತು. ಗಂಟೆಗೆ 2,000 ಕಿಲೋಮೀಟರ್ ದಾಟುವ ವಿಮಾನ. ಬಿಸಿ ಹುಡುಕಿಕೊಂಡು ಬೆನ್ನಟ್ಟುವ ಕ್ಷಿಪಣಿ, ಆರು ನಳಿಗೆಯ ಫಿರಂಗಿ ಅದರಲ್ಲಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಳೇ ಟಿಲ್ಲರಿಗೂ ಹೊಸ ಮೋಟರ್ ಸೈಕಲ್ಲಿಗೂ ಪಂದ್ಯ ಇಟ್ಟ ಹಾಗೆ. ಆದರೆ ಆ ಸ್ಟಾರ್‌ಫೈಟರಿಗೂ ಒಂದು ದೋಷವಿತ್ತು. ಅದರ ರೆಕ್ಕೆ ಬಹಳ ಚಿಕ್ಕದು. ನೆಟ್ಟಗೆ ಓಡಲು ಅದಕ್ಕೆ ಸಮ ಇಲ್ಲ, ಆದರೆ ಕಡಿಮೆ ಎತ್ತರದಲ್ಲಿ ಸಣ್ಣ ಸುತ್ತಿನಲ್ಲಿ ತಿರುಗಬೇಕಾದರೆ ಒದ್ದಾಡುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ.

ಆ ಮುಂಜಾವು

1965ರ ಸೆಪ್ಟೆಂಬರ್ 7. ದಳದ ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಹೋಗಬೇಕಾದದ್ದು 12 ವಿಮಾನ. ಯಾವುದಕ್ಕಾದರೂ ತೊಂದರೆ ಬಂದರೆ ಇರಲಿ ಅಂತ ಬದಲಿ ವಿಮಾನಗಳನ್ನೂ ಸಿದ್ಧ ಮಾಡಿದ್ದರು. ದೇವಯ್ಯನವರ ಹೆಸರು ಇದ್ದದ್ದು ಆ ಬದಲಿ ಪಟ್ಟಿಯಲ್ಲಿ. ಯಾರಿಗೂ ತೊಂದರೆ ಬರದಿದ್ದರೆ ಅವರು ಅಂದು ಗಡಿ ದಾಟುವ ಪ್ರಸಂಗವೇ ಇರಲಿಲ್ಲ. ಆದರೆ ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯನವರು ಆ ಜಾಗ ತುಂಬಿದರು.

ಇನ್ನೂ ಕತ್ತಲು. ಮಾತಾಡಿದರೆ ಶತ್ರುವಿಗೆ ಕೇಳುತ್ತದೆ ಅಂತ ರೇಡಿಯೋ ಬಂದ್. ರಾಡಾರಿಗೆ ಕಾಣಬಾರದು ಅಂತ ನೆಲಕ್ಕೆ ತೀರ ಸಮೀಪದಲ್ಲಿ ಹಾರಾಟ. ದಾರಿ ಕಂಡುಕೊಳ್ಳಲು ನಕ್ಷೆ, ದಿಕ್ಸೂಚಿ, ಕೈಗಡಿಯಾರ ಇಷ್ಟೇ. ಸರ್ಗೋಧಾ ಮುಟ್ಟುವ ಹೊತ್ತಿಗೆ ಮಸುಕು ಮಸುಕು ಬೆಳಕು. ಸಿಕ್ಕ ಗುರಿಗಳ ಮೇಲೆ ದಾಳಿ ಮಾಡಿ ಮನೆ ಕಡೆ ತಿರುಗಿದರು. ಹಾನಿ ಎಷ್ಟಾಯಿತು ಎಂಬುದರಲ್ಲಿ ಎರಡೂ ದೇಶದ ಲೆಕ್ಕ ಇವತ್ತಿಗೂ ಕೂಡಿಬರುವುದಿಲ್ಲ.

ಅಷ್ಟು ದೂರ ಹೋಗಿ ಬರಲು ಮಿಸ್ಟಿಯರಿನಲ್ಲಿ ಎಣ್ಣೆ ಸರಿಗೆ ಸರಿ. ದಾರಿಯಲ್ಲಿ ಹೋರಾಡುತ್ತಾ ನಿಂತರೆ ಮನೆ ಮುಟ್ಟುವುದಿಲ್ಲ. ಇದು ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿತ್ತು. ಕಲಿಸುವ ಮೇಷ್ಟ್ರಾಗಿದ್ದ ದೇವಯ್ಯನವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಹೀಗೆ ವಾಪಸ್ಸಾಗುವಾಗ ಒಂದು ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಕಣ್ಣಿಗೆ ಬಿದ್ದದ್ದು ದೇವಯ್ಯನವರ ವಿಮಾನ. ಮೊದಲು ಕ್ಷಿಪಣಿ ಬಿಟ್ಟರು, ತಾಗಲಿಲ್ಲ. ಹತ್ತಿರ ಬಂದು ಫಿರಂಗಿ ಹಾರಿಸಿದರು, ಅದು ತಾಗಿತು. ಮಿಸ್ಟಿಯರಿನ ಕಥೆ ಮುಗಿಯಿತು ಎಂದುಕೊಂಡು ಅವರು ಬೇರೆ ಕಡೆ ತಿರುಗಿದರು.

ಕಥೆ ಮುಗಿದಿರಲಿಲ್ಲ. ಏಟು ತಿಂದ ವಿಮಾನವನ್ನು ದೇವಯ್ಯನವರು ಹೇಗೋ ಹಿಡಿದುಕೊಂಡಿದ್ದರು. ಮನೆ ಕಡೆ ಮುಖ ಮಾಡಿ ಅದೃಷ್ಟ ಪರೀಕ್ಷೆ ಮಾಡಬಹುದಿತ್ತು. ಪ್ಯಾರಾಚೂಟ್ ಹಾಕಿಕೊಂಡು ಹಾರಿ ಸೆರೆ ಸಿಕ್ಕಬಹುದಿತ್ತು. ಅವರು ಎರಡನ್ನೂ ಮಾಡದೆ ಸ್ಟಾರ್‌ಫೈಟರಿನ ಮೇಲೆ ತಿರುಗಿ ಬಿದ್ದರು. ನೆಲದ ಹತ್ತಿರ, ಸಣ್ಣ ಸುತ್ತಿನಲ್ಲಿ, ಆ ದೊಡ್ಡ ವಿಮಾನ ಒದ್ದಾಡುವಂಥ ಕಡೆಯಲ್ಲೇ ಜಗಳ ನಡೆಯಿತು. ದೇವಯ್ಯನವರ ಗುಂಡುಗಳು ತಾಗಿದವು. ಸ್ಟಾರ್‌ಫೈಟರ್ ಕೈಗೆ ಸಿಗದಂತಾಗಿ ಅಮ್ಜದ್ ಹುಸೇನರು ಪ್ಯಾರಾಚೂಟಿನಿಂದ ಹಾರಿ ಬದುಕಿಕೊಂಡರು. ದೇವಯ್ಯನವರ ವಿಮಾನವೂ ಅಲ್ಲೇ ಬಿತ್ತು. ಅವರು ಉಳಿಯಲಿಲ್ಲ. ಆಗ ಅವರ ವಯಸ್ಸು 32.

ಆ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ನಾವು ಯಾರು. ಒಂದು ಮಾತ್ರ ಖಂಡಿತ. ಆ ಸ್ಟಾರ್‌ಫೈಟರ್ ಅಲ್ಲಿ ನಿಂತದ್ದರಿಂದ ಎಣ್ಣೆ ಕಡಿಮೆಯಾಗಿ ಮನೆಗೆ ಓಡುತ್ತಿದ್ದ ಜೊತೆಗಾರರ ಬೆನ್ನಿಗೆ ಅದು ಬೀಳಲಿಲ್ಲ.

ಗೊತ್ತಿಲ್ಲದೆ ಕಳೆದ ವರ್ಷಗಳು

ಆದಂಪುರದಲ್ಲಿ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆ. ಮಸುಕು ಬೆಳಕು, ರೇಡಿಯೋ ಇಲ್ಲ, ಪ್ರತಿಯೊಬ್ಬರೂ ತಮ್ಮ ಎಣ್ಣೆ ಮುಳ್ಳು ನೋಡಿಕೊಂಡು ಬಂದವರು. ದೇವಯ್ಯನವರಿಗೆ ಏನಾಯಿತು ಅಂತ ಕಂಡವರು ಒಬ್ಬರೂ ಇಲ್ಲ. ನೆಲದಿಂದ ಹಾರಿಸಿದ ಗುಂಡು ತಾಗಿತೋ, ಎಣ್ಣೆ ಮುಗಿಯಿತೋ ಅಂತ ಊಹೆ ಮಾಡಿದರು. ಕಾಣೆಯಾದವರು ಎಂದು ಪುಸ್ತಕದಲ್ಲಿ ಬರೆದರು. ಅಷ್ಟೇ.

ಕಾಣೆಯಾದವರು ಎಂಬ ಮಾತು ಬರೆಯುವವರಿಗೆ ಒಂದು ಸಾಲು. ಮನೆಯಲ್ಲಿ ಕಾಯುವವರಿಗೆ ಅದು ಹಗಲೂ ರಾತ್ರಿ. ಸತ್ತರು ಅಂತ ಅಳುವ ಹಾಗೂ ಇಲ್ಲ, ಇದ್ದಾರೆ ಅಂತ ನೆಮ್ಮದಿಯೂ ಇಲ್ಲ. ಸೆರೆ ಸಿಕ್ಕಿರಬಹುದು, ಯುದ್ಧ ಮುಗಿದ ಮೇಲೆ ಬರಬಹುದು ಎಂಬ ಆಸೆ. ಅದೇ ಸೆಪ್ಟೆಂಬರಿನಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್, ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರು ಸೆರೆ ಸಿಕ್ಕಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಳೆಯ ಪರಿಚಯದಿಂದ ಬಿಡಿಸುತ್ತೇವೆ ಅಂದರೂ ತಂದೆಯವರು ತನ್ನ ಮಗನಿಗೆ ಬೇರೆ ಉಪಚಾರ ಬೇಡ ಎಂದು ತಿಳಿಸಿದ ಸಂಗತಿ ಎಲ್ಲರಿಗೂ ಗೊತ್ತು. ಆ ಮಗ ಉಳಿದ ಸೆರೆಯಾಳುಗಳ ಜೊತೆ ತಿರುಗಿ ಬಂದರು. ದೇವಯ್ಯನವರು ಬರಲಿಲ್ಲ.

ಅವರ ದೇಹ ಹೊಲದಲ್ಲಿ ಸಿಕ್ಕಿತೆಂದೂ ಅಲ್ಲಿಯ ಹಳ್ಳಿಯ ಜನವೇ ಮಣ್ಣು ಮಾಡಿದರೆಂದೂ ಬಹಳ ಕಾಲದ ಮೇಲೆ ಪಾಕಿಸ್ತಾನದ ಕಡೆಯಿಂದ ತಿಳಿದುಬಂತು. ಹೆಸರು ಗೊತ್ತಿಲ್ಲದ ಆ ರೈತರಿಗೆ ನಾವು ಇಲ್ಲಿಂದಲೇ ಕೈ ಮುಗಿಯುತ್ತೇವೆ.

ಯುದ್ಧ ಮುಗಿದ ಮೇಲೆ ಪದಕಗಳು ಬಂದವು. ದಾಳಿಯ ನಾಯಕ ತನೇಜಾರವರಿಗೆ ವೀರಚಕ್ರ ಸಿಕ್ಕಿತು. ಅತ್ತ ಅಮ್ಜದ್ ಹುಸೇನರಿಗೆ ಅವರ ಸರ್ಕಾರ ಸಿತಾರಾ-ಎ-ಜುರತ್ ಎಂಬ ಪದಕ ಕೊಟ್ಟಿತು. ಅವರನ್ನೇ ಬೀಳಿಸಿದ ದೇವಯ್ಯನವರಿಗೆ ಏನೂ ಇಲ್ಲ. ಯಾರೂ ಬೇಕಂತ ಬಿಟ್ಟದ್ದಲ್ಲ. ನೋಡಿದವರಿಲ್ಲ, ಬರೆದವರಿಲ್ಲ, ಹೇಳಬೇಕಾದವರು ಬದುಕಿಲ್ಲ. ಸಾಕ್ಷಿ ಇಲ್ಲದೆ ಪದಕ ಕೊಡುವ ಪದ್ಧತಿ ಇಲ್ಲ.

ಸಾಕ್ಷಿ ಬಂದದ್ದು ಎದುರಾಳಿಯ ಕಡೆಯಿಂದ

14 ವರ್ಷ ಹೀಗೇ ಹೋಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು 1965ರ ವಿಮಾನ ಯುದ್ಧದ ಬಗ್ಗೆ ಒಂದು ಪುಸ್ತಕ ಹೊರತಂದರು. ಪಾಕಿಸ್ತಾನದ ವಾಯುಪಡೆಯವರ ನೆರವಿನಿಂದ, ಅವರ ಕಡೆಯ ಕಥೆ ಹೇಳಲು ಬರೆದ ಪುಸ್ತಕ. ಅದರಲ್ಲಿ ಸರ್ಗೋಧಾದ ಹತ್ತಿರ ಒಂದು ಸ್ಟಾರ್‌ಫೈಟರ್ ಹೋದ ವಿವರ ಬಂತು. ಏಟು ತಿಂದ ಒಬ್ಬ ಮಿಸ್ಟಿಯರ್ ಪೈಲಟ್ ತಿರುಗಿ ಬಿದ್ದು ಧೈರ್ಯದಿಂದ ಹೋರಾಡಿ ಅದನ್ನು ಬೀಳಿಸಿದ ಸಂಗತಿಯನ್ನು ಮೆಚ್ಚಿಕೊಂಡು ಬರೆದಿದ್ದರು. ಆ ಪೈಲಟ್‌ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಸ್ಟಾರ್‌ಫೈಟರ್ ಬಿದ್ದದ್ದು ಒಡೆದ ಮಿಸ್ಟಿಯರಿನ ಚೂರು ತಾಗಿ ಅಂತ ಪಾಕಿಸ್ತಾನದವರು ಮೊದಲು ಹೇಳಿದ್ದರು.

ಈ ಪುಸ್ತಕ ಓದಿದ ನಮ್ಮವರು ಲೆಕ್ಕ ಹಾಕಿದರು. ಆ ಮುಂಜಾನೆ ಹೋದ ಮಿಸ್ಟಿಯರ್‌ಗಳಲ್ಲಿ ತಿರುಗಿ ಬಾರದೇ ಇದ್ದದ್ದು ಒಂದೇ ಒಂದು. ಹಾಗಾದರೆ ಆ ಪೈಲಟ್ ದೇವಯ್ಯನವರಲ್ಲದೆ ಇನ್ಯಾರೂ ಆಗಲು ಸಾಧ್ಯವಿಲ್ಲ. ವಾಯುಪಡೆಯ ಇತಿಹಾಸದ ಕೆಲಸದಲ್ಲಿದ್ದ ಏರ್ ಕಮೋಡೋರ್ ಪ್ರೀತಂ ಸಿಂಗರು ಇದನ್ನು ಕೆದಕಿದರು. ಹಳೆಯ ನಾಯಕ ತನೇಜಾರವರು ತಮ್ಮ ಜೊತೆಗಾರನಿಗೆ ನ್ಯಾಯ ಸಿಗಬೇಕು ಅಂತ ಸರ್ಕಾರದ ಮುಂದೆ ವಿಷಯ ಇಟ್ಟರು. ಕಡೆಗೆ 1988ರಲ್ಲಿ, ಆ ಮುಂಜಾವು ಕಳೆದು 23 ವರ್ಷದ ಮೇಲೆ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಪತ್ನಿಯವರು ಅದನ್ನು ಸ್ವೀಕರಿಸಿದರು. ಅಪ್ಪನ ಮುಖ ಸರಿಯಾಗಿ ನೆನಪಿಡುವ ವಯಸ್ಸಿಗೆ ಮೊದಲೇ ಅಪ್ಪನನ್ನು ಕಳೆದುಕೊಂಡ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು.

ಪದಕದ ವಿಷಯ

ನಮ್ಮ ದೇಶದಲ್ಲಿ ಯುದ್ಧದ ಶೌರ್ಯಕ್ಕೆ ಮೂರು ದೊಡ್ಡ ಪದಕಗಳಿವೆ. ಮೊದಲನೆಯದು ಪರಮವೀರ ಚಕ್ರ, ಎರಡನೆಯದು ಮಹಾವೀರ ಚಕ್ರ, ಮೂರನೆಯದು ವೀರಚಕ್ರ. 1950ರ ಜನವರಿ 26ರಂದು ಇವನ್ನು ಸ್ಥಾಪಿಸಿ, 1947ರ ಆಗಸ್ಟ್ 15ರಿಂದ ಪೂರ್ವಾನ್ವಯ ಮಾಡಿದರು. ಮಹಾವೀರ ಚಕ್ರ ದುಂಡಗಿನ ಬೆಳ್ಳಿಯ ಪದಕ. ಮೇಲೆ ಐದು ಮೂಲೆಯ ನಕ್ಷತ್ರ, ನಡುವೆ ರಾಷ್ಟ್ರಲಾಂಛನ. ರಿಬ್ಬನ್ನು ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣ. ವಾಯುಪಡೆಯ ಅನೇಕರು ಮಹಾವೀರ ಚಕ್ರ ಪಡೆದಿದ್ದಾರೆ. ಆದರೆ ಮರಣೋತ್ತರವಾಗಿ ಅದನ್ನು ಪಡೆದವರು ವಾಯುಪಡೆಯಲ್ಲಿ ದೇವಯ್ಯನವರೊಬ್ಬರೇ. ಅವರು ಕನ್ನಡ ನಾಡಿನವರು ಎಂಬುದು ನಮಗೆಲ್ಲ ಹೆಮ್ಮೆ.

2025ರಲ್ಲಿ ಸ್ಕೈ ಫೋರ್ಸ್ ಎಂಬ ಹಿಂದಿ ಸಿನಿಮಾ ಇದೇ ಘಟನೆಯ ಆಧಾರದ ಮೇಲೆ ಬಂತು. ಪಾತ್ರದ ಹೆಸರು ಬೇರೆ ಇಟ್ಟಿದ್ದಾರೆ. ನಮ್ಮ ಊರಿನ ಹುಡುಗರು ಅದನ್ನು ಮೊಬೈಲಿನಲ್ಲಿ ನೋಡಿ ಚಪ್ಪಾಳೆ ಹೊಡೆದರು. ಅದು ನಿಜವಾದ ಮನುಷ್ಯನ ಕಥೆ, ನಮ್ಮ ಪಕ್ಕದ ಕೊಡಗಿನವರದು ಅಂತ ಎಷ್ಟು ಹುಡುಗರಿಗೆ ಗೊತ್ತೋ. ಇದನ್ನು ಬರೆಯಲು ಅದೂ ಒಂದು ಕಾರಣ.

ನಮ್ಮ ಸಂಘಕ್ಕೂ ಒಂದು ಮಾತು

ಇದೆಲ್ಲ ಸಂಘದ ಸಂಚಿಕೆಯಲ್ಲಿ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮಲ್ಲೇ ನಡೆದ ಒಂದು ಸಂಗತಿ ಹೇಳಿ ಮುಗಿಸುತ್ತೇವೆ.

ಒಂದು ವರ್ಷ ಮಾರ್ಚ್ ಕೊನೆಯ ದಿನ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗಲಾಟೆಯಲ್ಲಿ ಒಬ್ಬ ಸದಸ್ಯರು ಬೆಳೆ ಸಾಲದ ಹಣ ಕಟ್ಟಿ ಹೋದರು. ರಸೀದಿ ಆಮೇಲೆ ಕೊಡುತ್ತೇವೆ ಅಂದದ್ದು ಹಾಗೇ ಉಳಿಯಿತು. ಮಾರನೇ ವರ್ಷ ಅವರ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಬಂತು. ಅಷ್ಟರಲ್ಲಿ ಆ ಮನುಷ್ಯ ತೀರಿಕೊಂಡಿದ್ದರು. ನಮ್ಮ ಯಜಮಾನರು ಕಟ್ಟಿದ್ದಾರೆ ಅಂತ ಅವರ ಹೆಂಡತಿ ಎಷ್ಟು ಹೇಳಿದರೂ ಕಾಗದ ಇಲ್ಲ ಅಂತ ನಾವು ನಿರ್ದೇಶಕರು ಕೇಳಲಿಲ್ಲ. ಆ ತಪ್ಪಿನಲ್ಲಿ ನಮ್ಮದೂ ಪಾಲಿದೆ. ಮಹಾಸಭೆಯಲ್ಲಿ ಪಟ್ಟಿ ಓದುವಾಗ ಎದ್ದು ನಿಂತವರು ಯಾರು ಗೊತ್ತೇ? ಅವರ ಪಕ್ಕದ ಜಮೀನಿನವರು. ಬದುವಿನ ವಿಷಯಕ್ಕೆ ಆ ಇಬ್ಬರಿಗೂ ಕೋರ್ಟಿನಲ್ಲಿ ವ್ಯಾಜ್ಯ, ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅವರು, ಅಂದು ಸಾಲಿನಲ್ಲಿ ನಾನು ಹಿಂದೆ ನಿಂತಿದ್ದೆ, ನೋಟು ಎಣಿಸಿ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ ಅಂತ ಎಲ್ಲರ ಎದುರು ಹೇಳಿದರು. ಆಮೇಲೆ ಕಿರ್ದಿ ತೆಗೆದು ನೋಡಿದರೆ ಅಂದಿನ ಹೆಚ್ಚುವರಿ ಹಣ ಅನಾಮತ್ತು ಖಾತೆಯಲ್ಲಿ ಹಾಗೇ ಕೂತಿತ್ತು. ಆ ತಾಯಿಯ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬಂದೆವು.

ದೇವಯ್ಯನವರ ಕಥೆ ಓದಿದಾಗ ನಮಗೆ ನೆನಪಾದದ್ದು ಇದೇ. ಸತ್ತವರು ಎದ್ದು ಬಂದು ತಮ್ಮ ಲೆಕ್ಕ ಹೇಳುವುದಿಲ್ಲ. ಅವರು ಮಾಡಿದ್ದನ್ನು ಬರೆದಿಡುವ ಕೆಲಸ ಬದುಕಿರುವವರದು. ಬರೆಯುವುದು ತಪ್ಪಿಹೋಗಿದ್ದರೆ, ಎಷ್ಟೇ ವರ್ಷವಾಗಿರಲಿ, ಹುಡುಕಿ ಸರಿ ಮಾಡುವುದೂ ನಮ್ಮದೇ. ಸಾಕ್ಷಿ ಹೇಳುವವನು ವಿರೋಧಿಯಾದರೂ ಅವನ ಮಾತಿನಲ್ಲಿ ಸತ್ಯವಿದ್ದರೆ ಕೇಳಬೇಕು. ಈ 25 ವರ್ಷದಲ್ಲಿ ನಮ್ಮ ಸಂಘ ಕಟ್ಟಲು ದುಡಿದು ಈಗ ನಮ್ಮೊಂದಿಗಿಲ್ಲದ ಹಿರಿಯರು ಎಷ್ಟೋ ಜನ. ಮನೆ ಮನೆಗೆ ಹೋಗಿ ಷೇರು ಹಣ ಕೂಡಿಸಿದವರು, ಗೋಡೌನಿಗೆ ಕಲ್ಲು ಹೊತ್ತವರು. ಅವರ ಹೆಸರುಗಳನ್ನು ನೆನಪಿರುವವರು ದಯವಿಟ್ಟು ಕಾರ್ಯದರ್ಶಿಯವರಿಗೆ ತಿಳಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ನಮ್ಮ ವಿನಂತಿ.

ಜವಾನನನ್ನೂ ಕಿಸಾನನನ್ನೂ ಶಾಸ್ತ್ರಿಯವರು ಒಂದೇ ಘೋಷಣೆಯಲ್ಲಿ ಸೇರಿಸಿದ್ದು ಅದೇ 1965ರಲ್ಲಿ. ನಾವು ಕಿಸಾನರು, ಆ ಜವಾನನ ನೆನಪನ್ನು ಈ ಸಂಚಿಕೆಯ ಪುಟದಲ್ಲಿ ದಾಖಲು ಮಾಡಿದ್ದೇವೆ. ಮಡಿಕೇರಿಗೆ ಹೋದವರು ಆ ವೃತ್ತದ ಬಳಿ ಒಂದು ನಿಮಿಷ ನಿಂತು ಬನ್ನಿ.